ಮೂರು ಹೆಸರಿಗೆ ಒಂದೇ ವಿಳಾಸ

ಗದಗಿನಲ್ಲಿ ಕುಮಾರವ್ಯಾಸ ಅಂದರೂ ನಾರಣಪ್ಪ ಅಂದರೂ ಜನ ವೀರನಾರಾಯಣ ಗುಡಿಯ ಕಡೆಗೇ ಕೈ ತೋರಿಸುತ್ತಾರೆ. ಗ್ರಂಥಾಲಯದ ಕಂಪ್ಯೂಟರ್ ಹಾಗಲ್ಲ. ಧಾರವಾಡದ ಒಂದು ಗ್ರಂಥಾಲಯದಲ್ಲಿ 'ಗದುಗಿನ ಭಾರತ' ಎಂದು ಟೈಪ್ ಮಾಡಿದೆ, ಏನೂ ಸಿಗಲಿಲ್ಲ. ಕೌಂಟರಿನಲ್ಲಿದ್ದ ಹಿರಿಯರು ಎದ್ದುಹೋಗಿ 'ಕರ್ಣಾಟ ಭಾರತ ಕಥಾಮಂಜರಿ' ತಂದಿಟ್ಟು, "ಇದ ಅಲ್ಲೇನ್ರೀ ನಿಮಗ ಬೇಕಾಗಿದ್ದು?" ಅಂದರು.

ಅವರಿಗೆ ಗೊತ್ತಿದ್ದದ್ದು ಯಂತ್ರಕ್ಕೆ ಯಾಕೆ ತಿಳಿಯಲಿಲ್ಲ? ಗ್ರಂಥಾಲಯಗಳು ಇಂದಿಗೂ ನೆಚ್ಚಿಕೊಂಡಿರುವ ಮಾರ್ಕ್ ಎಂಬ ದಾಖಲೆ ಪದ್ಧತಿಯನ್ನು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಮ್ ರೂಪಿಸಿದರು. 100 ಎಂಬ ಖಾನೆಯಲ್ಲಿ ಲೇಖಕರು, 245ರಲ್ಲಿ ಶೀರ್ಷಿಕೆ. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ. ಆದರೆ ಖಾನೆಯಲ್ಲಿರುವುದು ಬರೀ ಅಕ್ಷರ. 'ದ. ರಾ. ಬೇಂದ್ರೆ', 'ದತ್ತಾತ್ರೇಯ ರಾಮಚಂದ್ರ ಬೇಂದ್ರೆ', 'ಅಂಬಿಕಾತನಯದತ್ತ' ಯಂತ್ರದ ಕಣ್ಣಿಗೆ ಮೂವರು. ಹಿಂದೆ ಕಾರ್ಡಿನ ಡ್ರಾಯರ್‌ಗಳಲ್ಲಿ 'ಅಂಬಿಕಾತನಯದತ್ತ: ಬೇಂದ್ರೆ ನೋಡಿ' ಎಂಬ ಕಾರ್ಡು ಇಡುತ್ತಿದ್ದರು. ಮಾರ್ಕ್‌ನಲ್ಲೂ ಅದಕ್ಕೆ ಪ್ರತ್ಯೇಕ ಕಡತವುಂಟು, ಆದರೆ ಯಾರಾದರೂ ಕೂತು ತುಂಬಿದರೆ ತಾನೇ?

ಮಾಹಿತಿಯನ್ನು ವೆಬ್ ವಿಳಾಸಗಳ ಮೂಲಕ ಒಂದಕ್ಕೊಂದು ಬೆಸೆಯುವ ಲಿಂಕ್ಡ್ ಡೇಟಾ ಎಂಬ ಪದ್ಧತಿ ಹಿಡಿದ ದಾರಿ ಬೇರೆ. ಓಣಿಯ ಒಂದು ಮನೆಗೆ ಕೆಲವರು ದೇಸಾಯರ ವಾಡೆ ಅನ್ನಬಹುದು, ಕೆಲವರು ಬಾವಿ ಮನಿ ಅನ್ನಬಹುದು. ಪಾಲಿಕೆಯ ಲೆಕ್ಕದಲ್ಲಿ ಆಸ್ತಿ ಸಂಖ್ಯೆ ಒಂದೇ. ಹಾಗೆಯೇ ಇಲ್ಲಿ ಬೇಂದ್ರೆಯೆಂಬ ವ್ಯಕ್ತಿಗೆ ಒಂದು ಕಾಯಂ ವೆಬ್ ವಿಳಾಸ. ಹೆಸರುಗಳೆಲ್ಲ ಅದಕ್ಕೆ ನೇತುಬಿದ್ದಿರುತ್ತವೆ. ಕೃತಿಗೂ ಊರಿಗೂ ಹೀಗೇ ಒಂದೊಂದು ವಿಳಾಸ. 'ಈ ಕೃತಿ, ಬರೆದವರು, ಈ ವ್ಯಕ್ತಿ' ಎಂಬ ಮೂರು ತುಂಡಿನ ಚಿಕ್ಕ ವಾಕ್ಯಗಳೇ ಕೊಂಡಿಗಳು. ಲೈಬ್ರರಿ ಆಫ್ ಕಾಂಗ್ರೆಸ್ ರೂಪಿಸಿದ ಬಿಬ್‌ಫ್ರೇಮ್ ಮಾದರಿಯಲ್ಲಿ ಕೃತಿ ಬೇರೆ, ಅದರ ಮುದ್ರಣ ಬೇರೆ, ಕಪಾಟಿನಲ್ಲಿರುವ ಪ್ರತಿ ಬೇರೆ. ನಾರಣಪ್ಪನ ಕಾವ್ಯ ಎಷ್ಟು ಸಲ ಅಚ್ಚಾದರೂ ಕೃತಿ ಒಂದೇ ಎಂಬುದು ಆಗ ಯಂತ್ರಕ್ಕೂ ತಿಳಿಯುತ್ತದೆ.

2018ರಲ್ಲಿ ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಇಡೀ ದೇಶದ ಸಂಯುಕ್ತ ಸೂಚಿ, ಅಂದರೆ ಹಲವು ಗ್ರಂಥಾಲಯಗಳ ಪುಸ್ತಕಪಟ್ಟಿಗಳನ್ನು ಒಂದುಗೂಡಿಸಿದ ಲಿಬ್ರಿಸ್ ಅನ್ನು ಈ ಪದ್ಧತಿಗೆ ಬದಲಾಯಿಸಿತು. ಲೇಖಕರ ಹೆಸರಿನ ತಪ್ಪನ್ನು ಒಂದು ಕಡೆ ತಿದ್ದಿದರೆ ಅವರಿಗೆ ಸೇರಿದ ಪುಸ್ತಕಗಳಲ್ಲೆಲ್ಲ ಅದು ಸರಿಯಾಗುತ್ತದೆ. ತಪ್ಪು ಕೊಂಡಿ ಹಾಕಿದರೆ ಅದೂ ಅಷ್ಟೇ ಬೇಗ ಹರಡುತ್ತದೆ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬರಾಗಿಸಿಬಿಡುವುದು ಬಹಳ ಸುಲಭ. ಅದಕ್ಕೇ ಈ ಕೆಲಸವನ್ನು ಪೂರ್ತಿ ಯಂತ್ರದ ಕೈಗೆ ಕೊಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ವಿಶ್ವವಿದ್ಯಾಲಯಗಳ ಸಂಯುಕ್ತ ಸೂಚಿ ಇಂಡ್‌ಕ್ಯಾಟ್ ಅನ್ನು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ನಡೆಸುತ್ತದೆ. ಕನ್ನಡದ ಕಾವ್ಯನಾಮಗಳ ಗಂಟನ್ನು ಗಾಂಧಿನಗರದಲ್ಲಿ ಕೂತವರು ಬಿಡಿಸಲಾರರು. ಅದಕ್ಕೆ ಆ ಕೌಂಟರಿನ ಹಿರಿಯರಂಥವರೇ ಬೇಕು, ಅವರು ನಿವೃತ್ತರಾಗುವ ಮುಂಚೆಯೇ ಬೇಕು. ಅವರು ಕೊಂಡಿ ಹಾಕಿಟ್ಟರೆ, 'ಕಾವ್ಯನಾಮದಲ್ಲಿ ನಾಟಕ ಬರೆದ ಧಾರವಾಡದ ಪ್ರಕಾಶಕರು ಯಾರು?' ಎಂದು ಕೇಳುವ ಹುಡುಗಿಗೆ ಯಂತ್ರವೇ ಉತ್ತರ ಕೊಡುತ್ತದೆ: ಜಡಭರತ, ಅಂದರೆ 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ. ಬಿ. ಜೋಶಿ.