ತಂಬೂರಿಯೊಳಗಿನ ಗಾಂಧಾರ, ಲಿಗೆಟಿಯ ವಯೊಲಿನ್

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತಕ್ಕೆ ಕುಳಿತವರಿಗೆ ಆ ಗಳಿಗೆ ಗೊತ್ತಿರುತ್ತದೆ. ಗಾಯಕರು ಇನ್ನೂ ಬಾಯಿ ತೆರೆದಿಲ್ಲ. ತಂಬೂರಿಯಲ್ಲಿ ಮೀಟುತ್ತಿರುವುದು ಒಂದು ಪಂಚಮ, ಷಡ್ಜದ ಎರಡು ಜೋಡಿನ ತಂತಿ, ಕೆಳಗಿನ ಷಡ್ಜದ ಒಂದು ಖರಜ, ಅಷ್ಟೇ. ಆದರೂ ಗಾಂಧಾರ, ಅಂದರೆ ಸರಿಗಮದ ‘ಗ’, ಕೇಳುತ್ತದೆ. ಯಾರೂ ಮೀಟದ ಗಾಂಧಾರ.

ಖರಜದ ತಂತಿ ಸೆಕೆಂಡಿಗೆ 100 ಬಾರಿ ಕಂಪಿಸುತ್ತಿದೆ ಎಂದುಕೊಳ್ಳೋಣ. ಅದು ಇಡಿಯಾಗಿ ಅಲುಗುವಾಗಲೇ ಎರಡು, ಮೂರು, ನಾಲ್ಕು, ಐದು ಸಮಪಾಲುಗಳಾಗಿಯೂ ಅಲುಗುತ್ತಿರುತ್ತದೆ. ಹಾಗಾಗಿ 200, 300, 400, 500 ಕಂಪನಗಳ ಸ್ವರಗಳೂ ಅದೇ ತಂತಿಯಿಂದ ಹೊರಡುತ್ತವೆ. ಇವೇ ಹಾರ್ಮೋನಿಕ್‌ಗಳು. 400 ಷಡ್ಜವಾದರೆ 500 ಶುದ್ಧ ಗಾಂಧಾರ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಒಂದು ನೂಲೆಳೆ ಇವನ್ನೆಲ್ಲ ಬಡಿದೆಬ್ಬಿಸುತ್ತದೆ. ಜವಾರಿ ಎನ್ನುವುದು ಈ ಗುಣಕ್ಕೇ. ಮೀಟಿದ ಜಾಗದಲ್ಲಿ ನಿಶ್ಚಲ ಬಿಂದು ಬರುವ ಹಾರ್ಮೋನಿಕ್ ಮೂಡಬಾರದು ಎಂಬುದು ತಂತಿಗಳ ಹಳೆಯ ನಿಯಮ. ತಂಬೂರಿಯಲ್ಲಿ ಅದೂ ಮೊಳಗುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದರು.

ಈಗ ಪಿಯಾನೊ ಅಥವಾ ಪೇಟಿಯ (ಹಾರ್ಮೋನಿಯಂ) ಗಾಂಧಾರವನ್ನು ನೋಡಿ. ಅಲ್ಲಿ ಸಪ್ತಕವನ್ನು 12 ಸಮ ಮೆಟ್ಟಿಲುಗಳಾಗಿ ಕತ್ತರಿಸಿದ್ದಾರೆ. ಆ ಲೆಕ್ಕದಲ್ಲಿ ಗಾಂಧಾರ 504ರಲ್ಲಿ ನಿಲ್ಲುತ್ತದೆ. 500 ಮತ್ತು 504 ಒಟ್ಟಿಗೆ ನುಡಿದರೆ ಧ್ವನಿ ಸೆಕೆಂಡಿಗೆ ನಾಲ್ಕು ಬಾರಿ ಏರಿಳಿದು ನಡುಗುತ್ತದೆ. ಯಾವ ಸ್ವರವನ್ನು ಷಡ್ಜವಾಗಿ ಹಿಡಿದರೂ ಕೆಲಸ ನಡೆಯಲಿ ಎಂದು ಮಾಡಿಕೊಂಡ ರಾಜಿ ಇದು. ಒಂದು ವಾದ್ಯವನ್ನು ಮುಂದೆ ನಿಲ್ಲಿಸಿ ಹತ್ತಾರು ವಾದ್ಯಗಳ ವೃಂದವನ್ನು ಅದರ ಎದುರಿಗಿಡುವ ಪಾಶ್ಚಾತ್ಯ ರಚನೆ ಕಾನ್ಚೆರ್ಟೊ. ಅದೂ ಬಹುಕಾಲ ಬಹುಮಟ್ಟಿಗೆ ಈ ರಾಜಿಯ ಸುತ್ತಲೇ ಬೆಳೆಯಿತು. 1971ರಲ್ಲಿ ರವಿಶಂಕರ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ತಮ್ಮ ಸಿತಾರ್ ಕಾನ್ಚೆರ್ಟೊ ನುಡಿಸಿದಾಗ ಖಮಾಜ್, ಸಿಂಧು ಭೈರವಿ, ಅಡಾಣಾ ರಾಗಗಳು ಆ ವೃಂದದೊಳಗೆ ಕಾಲಿಟ್ಟವು.

ನನಗೆ ಹೆಚ್ಚು ಬೆರಗು ಹುಟ್ಟಿಸಿದವರು ಹಂಗೇರಿಯ ಸಂಗೀತ ರಚನಕಾರ ಜ್ಯೋರ್ಜ್ ಲಿಗೆಟಿ. 1990ರಲ್ಲಿ ಮೊದಲ ರೂಪ ಪಡೆದು 1992ರಲ್ಲಿ ಐದು ಭಾಗಗಳಾದ ಅವರ ವಯೊಲಿನ್ ಕಾನ್ಚೆರ್ಟೊದಲ್ಲಿ ಅವರು ವೃಂದದ ಒಂದು ವಯೊಲಿನ್ನನ್ನೂ ವಯೊಲಿನ್ನಿಗಿಂತ ತುಸು ದೊಡ್ಡದಾದ ಒಂದು ವಯೋಲಾವನ್ನೂ ಉಳಿದವರ ಶ್ರುತಿಯಿಂದ ಬೇಕೆಂದೇ ಸರಿಸಿದರು. ಆ ಎರಡೂ ಶ್ರುತಿಗೂಡುವುದು ಡಬಲ್ ಬೇಸ್ ಎಂಬ ದೊಡ್ಡ ಮಂದ್ರ ವಾದ್ಯದ ತಂತಿಯ ಸಹಜ ಹಾರ್ಮೋನಿಕ್‌ಗಳಿಗೆ. ಅಂದರೆ ತಂಬೂರಿಯ ಗಾಂಧಾರ ಹುಟ್ಟುವ ದಾರಿಗೇ. ಎರಡನೆಯ ಭಾಗದಲ್ಲಿ ವಯೊಲಿನ್ ಒಂಟಿಯಾಗಿ ಹಾಡು ಎತ್ತಿಕೊಳ್ಳುತ್ತದೆ. ಮುಂದೆ ಒಕರೀನಾ ಎಂಬ ಪುಟ್ಟ ಊದುವಾದ್ಯಗಳು, ಶ್ರುತಿ ಪೂರ್ತಿ ಕೂಡದ ದನಿಯಲ್ಲಿ, ಜೊತೆಗೂಡುತ್ತವೆ. ಮೊದಲ ಸಲ ಕೇಳಿದವರು ಅಪಸ್ವರ ಎನ್ನುತ್ತಾರೆ. ಧಾರವಾಡದಲ್ಲಿ ತಂಬೂರಿಯ ಪಕ್ಕ ಕುಳಿತು ಬೆಳೆದ ಕಿವಿಗೆ ಅದು ಅಷ್ಟು ಪರಕೀಯವಲ್ಲ.

ಅವರ ಹ್ಯಾಂಬರ್ಗ್ ಕಾನ್ಚೆರ್ಟೊ ಇನ್ನೂ ಮುಂದೆ ಹೋಗುತ್ತದೆ. ಮುಂದೆ ನಿಂತ ಒಬ್ಬ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆಯ ಊದುವಾದ್ಯ) ವಾದಕನಿಗೆ ವೃಂದದೊಳಗಿನ ನಾಲ್ಕು ಸಹಜ ಹಾರ್ನ್‌ಗಳು ಉತ್ತರ ಕೊಡುತ್ತವೆ. ಅವುಗಳಿಗೆ ಕೀಲಿಗಳಿಲ್ಲ. ನಮ್ಮ ಜಾತ್ರೆಯ ಕಹಳೆಯಂತೆ, ಊದಿದಾಗ ಕೊಳವೆಯೊಳಗಿನ ಗಾಳಿ ಕೊಡುವ ಹಾರ್ಮೋನಿಕ್‌ಗಳಷ್ಟೇ ಬರುತ್ತವೆ. ಏಳನೆಯದು ಅವುಗಳಲ್ಲಿ ವಿಚಿತ್ರವಾದದ್ದು. ನಮ್ಮ ಲೆಕ್ಕದಲ್ಲಿ ಅದು 700; ಪೇಟಿಯ ಕೋಮಲ ನಿಷಾದ ಸುಮಾರು 713. ಯಾವ ಮನೆಗೂ ಸೇರದ ಸ್ವರವೆಂದು ಪಿಯಾನೊ ಅದನ್ನು ಹೊರಗಿಟ್ಟಿತು. ಲಿಗೆಟಿ ಅದನ್ನು ಕರೆದು ಕೂರಿಸಿದರು.

ಮನೆಯಲ್ಲಿ ತಂಬೂರಿ ಇದ್ದರೆ ಖರಜದ ತಂತಿಯ ಉದ್ದವನ್ನು ಕುದುರೆಯಿಂದ ಅಳೆದು ಏಳರಿಂದ ಭಾಗಿಸಿ. ಒಂದು ಪಾಲಿನ ಗುರುತಿನ ಮೇಲೆ ಬೆರಳ ತುದಿಯನ್ನು ಒತ್ತದೆ ತಾಗಿಸಿ, ಮೀಟಿ, ತಕ್ಷಣ ಬೆರಳು ತೆಗೆಯಿರಿ. ಸಣ್ಣಗೆ, ಪೇಟಿಯ ಕೋಮಲ ನಿಷಾದಕ್ಕಿಂತ ತುಸು ತಗ್ಗಿನಲ್ಲಿ, ಆ ಸ್ವರ ಕೇಳುತ್ತದೆ.