ಎಸ್‌ಎಸ್‌ಎಚ್ ಸಂಪರ್ಕ ಎಲ್ಲಿ ನಿಂತಿತು?

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಪ್ರವೇಶ ಸಿಗದಿದ್ದಾಗ ಹಲವರು ಮೊದಲು ಮಾಡುವುದು ಸರ್ವರನ್ನು ರೀಬೂಟ್ ಮಾಡುವ ಕೆಲಸ, ಇಲ್ಲವೇ ಗುರುತನ್ನು ಸಾಬೀತುಪಡಿಸುವ ಹೊಸ ಕೀ ಜೋಡಿಯನ್ನು ಸೃಷ್ಟಿಸುವ ಕೆಲಸ. ಇವೆರಡರಿಂದಲೂ ತೊಂದರೆ ನೀಗುವುದು ಅಪರೂಪ. ಪರದೆಯ ಮೇಲೆ ಬಂದ ದೋಷ ಸಂದೇಶವನ್ನು ಗಮನವಿಟ್ಟು ಓದಿದರೆ ಸಂಪರ್ಕವು ಯಾವ ಹಂತದವರೆಗೆ ಸಾಗಿ ನಿಂತಿದೆ ಎಂಬುದು ತಿಳಿಯುತ್ತದೆ. ಅದಕ್ಕೆ ಹಿಂದಿನ ಹಂತಗಳನ್ನು ಮತ್ತೆ ಕೆದಕುವ ಅಗತ್ಯ ಉಳಿಯುವುದಿಲ್ಲ.

‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬಂದರೆ ನಾವು ಕಳಿಸಿದ ಪ್ಯಾಕೆಟ್‌ಗೆ ಉತ್ತರವೇ ಬಂದಿಲ್ಲ ಎಂದರ್ಥ. ಐಪಿ ವಿಳಾಸ ತಪ್ಪಿರಬಹುದು, ಯಂತ್ರ ಸ್ಥಗಿತವಾಗಿರಬಹುದು, ಅಥವಾ ನಡುವೆ ಕಾವಲಿರುವ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಕೈಬಿಡುತ್ತಿರಬಹುದು. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬುದು ಇದಕ್ಕಿಂತ ಒಳ್ಳೆಯ ಸುದ್ದಿ. ಬಹುಮಟ್ಟಿಗೆ ಆ ಕಡೆಯ ಯಂತ್ರ ಜೀವಂತವಾಗಿದೆ, ಆದರೆ ನಾವು ತಟ್ಟಿದ ಪೋರ್ಟ್‌ನಲ್ಲಿ (ಸೇವೆಯ ಸಂಖ್ಯೆಯುಳ್ಳ ಬಾಗಿಲಿನಲ್ಲಿ) ಓಗೊಡುವವರು ಯಾರೂ ಇಲ್ಲ. ಸಾಮಾನ್ಯವಾಗಿ 22 ಆಗಿರುವ ಪೋರ್ಟನ್ನು ಯಾರೋ ಬದಲಿಸಿರಬಹುದು, ಅಥವಾ ಸಂರಚನಾ ಕಡತದಲ್ಲಿನ ಒಂದು ಅಕ್ಷರದೋಷದಿಂದಾಗಿ ಎಸ್‌ಎಸ್‌ಎಚ್ ಸೇವೆ ಆರಂಭವಾಗದೆಯೇ ಉಳಿದಿರಬಹುದು.

ಹೆಚ್ಚು ಸಮಯ ನುಂಗುವುದು ‘ಪರ್ಮಿಷನ್ ಡಿನೈಡ್’. ಈ ಸಂದೇಶ ಬಂದಿತೆಂದರೆ ನೆಟ್‌ವರ್ಕ್, ಫೈರ್‌ವಾಲ್, ಪೋರ್ಟ್ ಎಲ್ಲವೂ ಸರಿಯಾಗಿವೆ. ಬಳಕೆದಾರರ ಹೆಸರು ತಪ್ಪಾಗಿದ್ದರೂ ಕೀ ತಪ್ಪಾಗಿದ್ದರೂ ಸರ್ವರ್ ಬೇಕೆಂದೇ ಒಂದೇ ಉತ್ತರ ಕೊಡುತ್ತದೆ, ಏಕೆಂದರೆ ನಿಜವಾದ ಕಾರಣ ಹೇಳಿದರೆ ನುಸುಳಲು ಬಂದವರಿಗೂ ಅದು ಸುಳಿವಾಗುತ್ತದೆ. ಹೀಗಾಗಿ ಕಾರಣವನ್ನು ಸರ್ವರ್‌ನ ಲಾಗ್‌ನಲ್ಲಿಯೇ (ಘಟನೆಗಳ ದಾಖಲೆಯಲ್ಲಿಯೇ) ಹುಡುಕಬೇಕು. ನಿರ್ವಹಣಾ ಕನ್ಸೋಲ್ ಮೂಲಕವಾದರೂ ಒಳಹೊಕ್ಕು ಅದನ್ನು ಓದುವುದು ಊಹಾಪೋಹಕ್ಕಿಂತ ಎಷ್ಟೋ ಮೇಲು.

ಒಮ್ಮೆ ಕೀ ಸರಿಯಾಗಿದ್ದರೂ ಪ್ರವೇಶ ಸಿಗದೆ ನಾನು ಅರ್ಧ ದಿನ ಕಳೆದಿದ್ದೆ. ಯಾವುದೋ ಕಡತ ಹಂಚಿಕೆಯ ತಾಪತ್ರಯ ನೀಗಿಸಲು ಸಹೋದ್ಯೋಗಿಯೊಬ್ಬರು ಹೋಮ್ ಡೈರೆಕ್ಟರಿಗೆ 777 ಅನುಮತಿ, ಅಂದರೆ ಎಲ್ಲರಿಗೂ ಪೂರ್ಣ ಹಕ್ಕು, ಕೊಟ್ಟಿದ್ದರು. ಆ ಡೈರೆಕ್ಟರಿಯಲ್ಲಿ ಬೇರೆಯವರೂ ಬರೆಯಬಹುದಾದರೆ ಅಲ್ಲಿರುವ, ಪ್ರವೇಶಕ್ಕೆ ಒಪ್ಪಿದ ಕೀಗಳ ಪಟ್ಟಿಯಾದ ‘ಆಥರೈಸ್ಡ್ ಕೀಸ್’ ಕಡತವನ್ನು ಅವರು ಬದಲಿಸಿಬಿಡಬಹುದು. ಆದ್ದರಿಂದ ಎಸ್‌ಎಸ್‌ಎಚ್ ಆ ಕಡತವನ್ನು ನಂಬಲು ನಿರಾಕರಿಸುತ್ತದೆ. ಎಸ್‌ಎಸ್‌ಎಚ್ ಡೈರೆಕ್ಟರಿಗೆ 700 (ಮಾಲೀಕರಿಗೆ ಮಾತ್ರ ಪೂರ್ಣ ಹಕ್ಕು), ಕೀಗಳ ಕಡತಕ್ಕೆ 600 (ಮಾಲೀಕರಿಗೆ ಮಾತ್ರ ಓದುವ, ಬರೆಯುವ ಹಕ್ಕು), ಹೋಮ್ ಡೈರೆಕ್ಟರಿಯಲ್ಲಿ ಮಾಲೀಕರಿಗೆ ಮಾತ್ರ ಬರೆಯುವ ಹಕ್ಕು ಎಂಬ ಏರ್ಪಾಡು ಸುರಕ್ಷಿತ. ಲಾಗ್‌ನಲ್ಲಿ ಈ ಕಾರಣ ಸ್ಪಷ್ಟವಾಗಿಯೇ ದಾಖಲಾಗಿತ್ತು, ನಾನು ತೆರೆದು ನೋಡಿರಲಿಲ್ಲ ಅಷ್ಟೆ.

ಹಳೆಯ ಸರ್ವರ್‌ಗಳೊಡನೆ ಇನ್ನೊಂದು ತೊಡಕಿದೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್‌ನ ಜನಪ್ರಿಯ ತಂತ್ರಾಂಶ) 8.8 ಆವೃತ್ತಿಯಿಂದ, ಎಸ್‌ಎಚ್‌ಎ-1 ಎಂಬ ಹಳೆಯ ಲೆಕ್ಕವಿಧಾನ ಆಧಾರಿತ ಆರ್‌ಎಸ್‌ಎ (ಒಂದು ಬಗೆಯ ಕೀ) ಸಹಿಗಳು ತಾವಾಗಿಯೇ ನಿಷ್ಕ್ರಿಯವಾಗಿರುತ್ತವೆ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಕೀ ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮೇಲೆ ನಿಂತುಹೋದರೆ ಆ ಕೀಯನ್ನೇ ದೂಷಿಸಬೇಕಿಲ್ಲ. ಅದೇ ಆರ್‌ಎಸ್‌ಎ ಕೀ ಎಸ್‌ಎಚ್‌ಎ-2 ಸಹಿಯನ್ನೂ ಮಾಡಬಲ್ಲದು, ಸರ್ವರ್‌ನ ತಂತ್ರಾಂಶಕ್ಕೆ ಅದು ತಿಳಿದಿರಬೇಕು ಅಷ್ಟೆ. ‘ಮೈನಸ್ ವಿ’ (-v) ಆಯ್ಕೆಯೊಡನೆ ಎಸ್‌ಎಸ್‌ಎಚ್ ಆದೇಶ ಕೊಟ್ಟರೆ ಎರಡು ಯಂತ್ರಗಳ ನಡುವಿನ ಮಾತುಕತೆ ಎಲ್ಲಿ ಮುರಿಯಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ.

ಕೀಗಳನ್ನು ಇಟ್ಟುಕೊಂಡು ಒದಗಿಸುವ ಏಜೆಂಟ್ ಎಂಬ ತಂತ್ರಾಂಶದಲ್ಲಿ ಹತ್ತಾರು ಕೀಗಳನ್ನು ತುಂಬಿಕೊಂಡವರಿಗೆ ಸರಿಯಾದ ಕೀಯ ಸರದಿ ಬರುವ ಮೊದಲೇ ಸಂಪರ್ಕ ಕಡಿದುಹೋಗುವುದುಂಟು, ಏಕೆಂದರೆ ಒಂದು ಸಂಪರ್ಕದಲ್ಲಿ ಅನುಮತಿಸುವ ಪ್ರಯತ್ನಗಳ ಮಿತಿ ಸಾಮಾನ್ಯವಾಗಿ 6. ಯಾವ ಕೀ ಬಳಸಬೇಕೆಂದು ನಿರ್ದಿಷ್ಟವಾಗಿ ಸೂಚಿಸಿ, ಉಳಿದವನ್ನು ಒಡ್ಡದಂತೆ ‘ಐಡೆಂಟಿಟೀಸ್ ಓನ್ಲಿ’ ಆಯ್ಕೆಯನ್ನೂ ಕೊಟ್ಟರೆ ಇದು ಬಗೆಹರಿಯುತ್ತದೆ.

ಸಂರಚನೆಯನ್ನು ತಿದ್ದುವಾಗ ಈಗಾಗಲೇ ತೆರೆದಿರುವ ಸೆಷನ್ ಒಂದನ್ನು ಮುಚ್ಚದೆ ಇಟ್ಟುಕೊಳ್ಳಿ. ‘ಎಸ್‌ಎಸ್‌ಎಚ್‌ಡಿ ಮೈನಸ್ ಟಿ’ (sshd -t) ಆದೇಶದಿಂದ ಕಡತವನ್ನು ಪರೀಕ್ಷಿಸಿದ ಬಳಿಕವೇ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಹಳೆಯ ಸೆಷನ್ ಸಾಮಾನ್ಯವಾಗಿ ಕಡಿಯುವುದಿಲ್ಲ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿದ ಮೇಲೆ ಮೊದಲನೆಯದನ್ನು ಮುಚ್ಚಿದರಾಯಿತು.