ಹುಡುಗರ ಎದೆಯಲ್ಲಿ ಬರುವ ಗಂಟು ಯಾಕೆ ಕರಗುತ್ತದೆ, ಯಾಕೆ ಉಳಿಯುತ್ತದೆ

13-14ರ ವಯಸ್ಸಿನ ಹುಡುಗನಿಗೆ ಒಂದು ದಿನ ಮೊಲೆತೊಟ್ಟಿನ ಹಿಂದೆ ರಬ್ಬರಿನಂಥ ಸಣ್ಣ ಗಂಟು ಕೈಗೆ ಸಿಗುತ್ತದೆ. ಒತ್ತಿದರೆ ನೋವು. ಅಂದಿನಿಂದ ಅವನು ದೊಗಲೆ ಅಂಗಿ ಹುಡುಕುತ್ತಾನೆ, ಈಜೋದು ಬಿಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಹರೆಯಕ್ಕೆ ಬರುವ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ ಅಂತ ಯಾರಾದರೂ ಅವನಿಗೆ ಮೊದಲೇ ಹೇಳಬೇಕಿತ್ತು. ವೈದ್ಯರು ಇದಕ್ಕೆ ಗೈನೆಕೊಮಾಸ್ಟಿಯಾ ಎನ್ನುತ್ತಾರೆ.

ಗಂಡಸರ ಎದೆಯಲ್ಲೂ ಹುಟ್ಟಿನಿಂದಲೇ ಒಂದಿಷ್ಟು ಸ್ತನದ ಅಂಗಾಂಶ ಇರುತ್ತದೆ. ಹೆಂಗಸರಲ್ಲಿ ಹೆಚ್ಚಿರುವ ಈಸ್ಟ್ರೋಜೆನ್ ಎಂಬ ಹಾರ್ಮೋನು ಅದನ್ನು ಬೆಳೆಸುತ್ತದೆ, ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ತಡೆಯುತ್ತದೆ. ಹೆಂಗಸರ ಹಾರ್ಮೋನು ಗಂಡಸರಿಗೆ ಎಲ್ಲಿಂದ ಬಂತು ಅನ್ನಿಸಬಹುದು. ಕೊಬ್ಬಿನ ಕೋಶಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ. ಅದು ಟೆಸ್ಟೋಸ್ಟೆರಾನನ್ನೇ ಈಸ್ಟ್ರೋಜೆನ್ ಆಗಿ ಬದಲಾಯಿಸುತ್ತದೆ. ಹಾಗಾಗಿ ಎಲ್ಲ ಗಂಡಸರ ಮೈಯಲ್ಲೂ ಈಸ್ಟ್ರೋಜೆನ್ ಇದ್ದೇ ಇರುತ್ತದೆ. ಹರೆಯದಲ್ಲಿ ಇವೆರಡರ ನಡುವಿನ ಸಮತೋಲ ಕೆಲಕಾಲ ತಪ್ಪುತ್ತದೆ, ಅಷ್ಟೇ. ಬಹುತೇಕ ಹುಡುಗರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ಗಂಟು ತಾನಾಗಿಯೇ ಕರಗುತ್ತದೆ.

ಕೆಲವರಲ್ಲಿ ಕರಗುವುದಿಲ್ಲ. ಶುರುವಿನಲ್ಲಿ ಅಲ್ಲಿರುವುದು ಚುರುಕಾಗಿ ಬೆಳೆಯುವ ಸ್ತನದ ನಾಳಗಳು, ಸುತ್ತ ಮೆತ್ತನೆಯ ಅಂಗಾಂಶ. ಹಾರ್ಮೋನು ಸರಿಹೋದರೆ ಅದು ಕುಗ್ಗುತ್ತದೆ. ಒಂದು ವರ್ಷ ದಾಟಿದ ಮೇಲೆ ಆ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ. ನೋವು ಹೋಗುತ್ತದೆ, ಉಬ್ಬು ಉಳಿಯುತ್ತದೆ. ಈಸ್ಟ್ರೋಜೆನ್ ಕೆಲಸಕ್ಕೆ ಅಡ್ಡ ಬರುವ ಟಾಮಾಕ್ಸಿಫೆನ್‌ನಂಥ ಮಾತ್ರೆ ಕೆಲಸ ಮಾಡುವುದೂ ಮೊದಲ ತಿಂಗಳುಗಳಲ್ಲೇ ಜಾಸ್ತಿ. ನಾರಾದ ಮೇಲೆ ಶಸ್ತ್ರಚಿಕಿತ್ಸೆಯೇ ದಾರಿ. ನಾಚಿಕೆಯಿಂದ ಮುಚ್ಚಿಟ್ಟು ಕಳೆಯುವ ತಿಂಗಳುಗಳು ಎಷ್ಟು ದುಬಾರಿ ನೋಡಿ.

ಸುಮ್ನೆ ದಂಡ ಹೊಡೆದರೆ ಇದು ಹೋಗುವುದಿಲ್ಲ. ಬರೀ ಕೊಬ್ಬಿನಿಂದ ಎದೆ ದಪ್ಪಗಿದ್ದರೆ ಮಾತು ಬೇರೆ, ತೂಕ ಇಳಿದರೆ ಅದೂ ಇಳಿಯುತ್ತದೆ. ತೊಟ್ಟಿನ ಎರಡೂ ಬದಿಯಿಂದ ಬೆರಳುಗಳನ್ನು ಹತ್ತಿರ ತಂದಾಗ ಗಟ್ಟಿ ಬಿಲ್ಲೆಯಂಥದ್ದು ಸಿಕ್ಕರೆ ಅದು ಸ್ತನದ ಗ್ರಂಥಿ, ಬರೀ ಕೊಬ್ಬಲ್ಲ.

ದೊಡ್ಡವರಲ್ಲಿ ಹೊಸದಾಗಿ ಬಂದರೆ ಕಾರಣ ಹುಡುಕಲೇಬೇಕು. ಮೈಯ ನೀರು ಇಳಿಸಲು ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ, ಪ್ರಾಸ್ಟೇಟ್ ಕಾಯಿಲೆಯ ಕೆಲವು ಔಷಧಿ, ಮೈಕಟ್ಟಿಗೆಂದು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಇದನ್ನು ತರುತ್ತವೆ. ಲಿವರ್ ಸಿರೋಸಿಸ್, ಥೈರಾಯ್ಡ್ ಹೆಚ್ಚಾಗುವುದು, ಕಿಡ್ನಿ ವೈಫಲ್ಯ, ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ, ಅಪರೂಪಕ್ಕೆ ವೃಷಣದ ಗಡ್ಡೆಯೂ ಹಿಂದಿರಬಹುದು. ಅದಕ್ಕೇ ವೈದ್ಯರು ಎದೆಯ ಜೊತೆ ವೃಷಣವನ್ನೂ ಪರೀಕ್ಷಿಸುತ್ತಾರೆ, ಸಂಕೋಚ ಬೇಡ.

ಒಂದೇ ಕಡೆ, ತೊಟ್ಟಿನಿಂದ ಪಕ್ಕಕ್ಕೆ, ಕಲ್ಲಿನಷ್ಟು ಗಟ್ಟಿಯಾದ ಗಂಟು ಇದ್ದರೆ ಅಥವಾ ತೊಟ್ಟಿನಿಂದ ರಕ್ತ ಬಂದರೆ ತಡ ಮಾಡದೆ ತೋರಿಸಿ. ಸ್ತನ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ ಸುಮಾರು ಒಬ್ಬರು ಗಂಡಸರು.